ಅತ್ತೆಯ ಮಣೆಯಿಂದ ಶುರುವಾದ ನಮ್ಮ ವ್ಯಾನ್ ಮನೆ

ನಮ್ಮ ವ್ಯಾನಿನ ಪಕ್ಕದ ಬಾಗಿಲು ಸರಿಸಿದರೆ ಒಳಗಿನ ನೆಲ ಅಂಗಳದಿಂದ 16 ಇಂಚು ಎತ್ತರ. ಈ ಅಳತೆ ನನಗೆ ಬಾಯಿಪಾಠ. ಯಾಕಂದರೆ ನಮ್ಮತ್ತೆಯ ಬಲಗಾಲು 8 ಇಂಚಿಗಿಂತ ಮೇಲೆ ಏಳುವುದಿಲ್ಲ. ಅವರಿಗೆ ಈಗ 71. ಎರಡೂ ಮಂಡಿ ಸವೆದಿವೆ. ಲಾಡ್ಜಿನ ಮೆಟ್ಟಿಲು ಹತ್ತಲಿಕ್ಕಾಗಲ್ಲ, ನೆಲದ ಮೇಲಿನ ಪಾಯಿಖಾನೆಯಲ್ಲಿ ಕೂರಲಿಕ್ಕಾಗಲ್ಲ, ಬಸ್ಸಿನಲ್ಲಿ ಎರಡು ಗಂಟೆಗಿಂತ ಜಾಸ್ತಿ ಕಾಲು ಮಡಚಿ ಇಟ್ಟುಕೊಳ್ಳಲಿಕ್ಕೂ ಆಗಲ್ಲ. ಆರು ವರ್ಷದಿಂದ ನಾವು ಎಲ್ಲಿಗೆ ಹೊರಟರೂ ಅವರದ್ದು ಒಂದೇ ಮಾತು: "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ."

ಆದರೆ ಅವರಿಗೆ ಒಂದು ಆಸೆ ಇತ್ತು. ಹುಟ್ಟಿದ ಊರಿನ ಹತ್ತಿರ ಒಂದು ರಾತ್ರಿ ಇರಬೇಕು ಅಂತ. ಹುಟ್ಟಿದ ಊರು ಈಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಅವರಿಗೆ ಹತ್ತು ವರ್ಷ. ಮನೆ, ಗದ್ದೆ, ಹಲಸಿನ ಮರ ಎಲ್ಲ ಶರಾವತಿ ಹಿನ್ನೀರಿನ ಅಡಿಗೆ ಹೋದವು. "ನೀರಾದ್ರೂ ನೋಡ್ಬಹುದಲ್ಲ" ಅಂತ ಒಮ್ಮೆ ಅಕ್ಕಿ ಆರಿಸುತ್ತಾ ತಮ್ಮಷ್ಟಕ್ಕೆ ಹೇಳಿಕೊಂಡರು. ಆ ಮಾತು ನನ್ನ ತಲೆಯಲ್ಲೇ ಉಳಿಯಿತು.

ನಾವು ಐದು ಜನ. ನಾನು, ನಮ್ಮನೆಯವರು, ಅತ್ತೆ, 12 ವರ್ಷದ ಮಗ, 7 ವರ್ಷದ ಮಗಳು. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಗಾಡಿ ಅಂದರೆ ಐದು ಸೀಟಿನ ಹಳೇ ವ್ಯಾನು, ಬಿಳಿ ಬೋರ್ಡಿನದ್ದು. ಅಂಗಡಿಗೆ ಸಾಮಾನು ತರಲಿಕ್ಕೆ ಇಟ್ಟುಕೊಂಡದ್ದು.

ನಮ್ಮನೆಯವರು ಕ್ಯಾರವಾನ್ ವಿಡಿಯೋ ನೋಡಲು ಶುರು ಮಾಡಿದರು. ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಪುಟ್ಟ ಮನೆಯನ್ನೇ ಕಟ್ಟಿಕೊಂಡು ಎಳೆದುಕೊಂಡು ಹೋಗುತ್ತಾರೆ. ಅಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವ ವಿಷಯ ತೂಕವಂತೆ: ತುಂಬಿದ ಕ್ಯಾರವಾನ್ ಎಳೆಯುವ ಕಾರಿನ ತೂಕದ 85 ಪರ್ಸೆಂಟ್ ದಾಟಬಾರದು. ದಾಟಿದರೆ ಹಿಂದಿನದು ತೂಗಾಡಿ ಮುಂದಿನದನ್ನೂ ಎಳೆದುಬಿಡುತ್ತದೆ. ಅದನ್ನು ನೋಡುತ್ತಾ ನನಗೆ ಆಗುಂಬೆ ಘಾಟಿಯ 14 ತಿರುವು ಕಣ್ಮುಂದೆ ಬಂತು. ಅಲ್ಲಿ ಎದುರಿಗೆ ಒಂದು ಬಸ್ಸು ಬಂದರೆ ನಮ್ಮ ವ್ಯಾನೇ ಪಕ್ಕಕ್ಕೆ ಒತ್ತಿ ನಿಲ್ಲಬೇಕು. ಹಿಂದೆ ಇನ್ನೊಂದು ಗಾಡಿ ಕಟ್ಟಿಕೊಂಡು ಹಿಮ್ಮುಖ ತೆಗೆಯುವುದು ನಮ್ಮಂಥವರಿಗೆ ಆಗುವ ಮಾತಲ್ಲ. ಮಲಗುವ ವ್ಯವಸ್ಥೆ ಇರುವ ದೊಡ್ಡ ಗಾಡಿಗಳನ್ನು ಬಾಡಿಗೆಗೆ ಕೊಡುವವರು ನಮ್ಮ ರಾಜ್ಯದಲ್ಲೂ ಇದ್ದಾರೆ. ವಿಚಾರಿಸಿದೆವು. ಮೂರು ದಿನದ ಬಾಡಿಗೆಗೆ ನಮ್ಮ ಮೂರು ತಿಂಗಳ ದಿನಸಿ ಬರುತ್ತಿತ್ತು. ಹಾಗಾಗಿ ಇರುವ ವ್ಯಾನನ್ನೇ ಸಜ್ಜು ಮಾಡೋಣ ಅಂತ ತೀರ್ಮಾನ ಆಯಿತು. ಅತ್ತೆ ಮತ್ತು ಮಗಳು ಒಳಗೆ, ನಾವು ಮೂವರು ಪಕ್ಕದಲ್ಲಿ ಟೆಂಟ್ ಹಾಕಿಕೊಂಡು ಹೊರಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಸೀಟು ಕಿತ್ತು ಹಾಕುವುದು, ಚಾವಣಿ ಕತ್ತರಿಸಿ ಎತ್ತರ ಮಾಡಿಸುವುದು, ಇವನ್ನೆಲ್ಲ ಗ್ಯಾರೇಜಿನವರು ಹೇಳಿದರು ಅಂತ ಮಾಡಿಸಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ನಾಳೆ ಏನಾದರೂ ಆದರೆ ಇನ್ಶೂರೆನ್ಸ್ ಸಿಗುವುದೂ ಕಷ್ಟ. ನಾವು ಒಂದು ಬೋಲ್ಟನ್ನೂ ಬಿಚ್ಚಲಿಲ್ಲ. ನಮ್ಮ ವ್ಯಾನಿನಲ್ಲಿ ಹಿಂದಿನ ಸೀಟಿನ ಒರಗು ಮುಂದಕ್ಕೆ ಮಡಚುತ್ತದೆ. ಅದರ ಮೇಲೆ ಹಲಗೆ ಮಂಚ ಇಡುವುದು, ಊರಿಗೆ ಬಂದ ಮೇಲೆ ಎತ್ತಿ ಕೆಳಗಿಡುವುದು. ಅಷ್ಟೇ.

ಏನೇನು ಬೇಕು ಅಂತ ಪಟ್ಟಿ ಮಾಡಲು ಕೂತಾಗ ಎರಡು ಪುಟ ತುಂಬಿತು. ಮಡಚುವ ಟೇಬಲ್, ಸಣ್ಣ ಫ್ರಿಜ್ಜು, ಸೋಲಾರ್, ಬಣ್ಣದ ದೀಪದ ಸರ. ನಾನು ಆ ಪಟ್ಟಿ ಮಡಚಿ ದೇವರ ಗೂಡಿನ ಹಿಂದೆ ಇಟ್ಟೆ. ಮೊದಲು ಒಂದು ರಾತ್ರಿ ಮನೆ ಮುಂದೆಯೇ ವ್ಯಾನಿನಲ್ಲಿ ಮಲಗೋಣ, ಏನು ಕೊರತೆ ಆಗುತ್ತೋ ಅದನ್ನು ಮಾತ್ರ ತರೋಣ ಅಂದೆ. ನಾವು ಮಾಡಿದ್ದರಲ್ಲೆಲ್ಲ ಒಳ್ಳೆಯ ಕೆಲಸ ಇದೇ.

ಆ ರಾತ್ರಿ ಅತ್ತೆ ವ್ಯಾನ್ ಹತ್ತಲೇ ಇಲ್ಲ. ಹತ್ತಲು ಆಗಲಿಲ್ಲ. ಪ್ಲಾಸ್ಟಿಕ್ ಸ್ಟೂಲು ಇಟ್ಟೆವು, ಅದು ಅಲುಗಾಡಿತು. ಸಿಮೆಂಟ್ ಇಟ್ಟಿಗೆ ಇಟ್ಟೆವು, ಅಗಲ ಸಾಲಲಿಲ್ಲ. ನಮ್ಮನೆಯವರು "ಅಮ್ಮ, ನಾನು ಎತ್ತಿ ಕೂರಿಸ್ತೀನಿ" ಅಂದರು. ಅತ್ತೆಗೆ ಮುಖ ಕೆಂಪಾಯಿತು. "ನನ್ನನ್ನ ಮೂಟೆ ಎತ್ತಿದ ಹಾಗೆ ಎತ್ತಬೇಡ" ಅಂದು ಒಳಗೆ ಹೋಗಿ ಮಲಗಿದರು.

ಮರುದಿನ ನಾನು ಆಚಾರ್ರ ಹತ್ತಿರ ಹೋದೆ. ಅವರು ಹಲಸಿನ ಮರದ್ದೊಂದು ಮಣೆ ಮಾಡಿಕೊಟ್ಟರು. ಎತ್ತರ 8 ಇಂಚು, ಉದ್ದ 2 ಅಡಿ, ಅಗಲ 14 ಇಂಚು. ಪಾದ ಪೂರ್ತಿ ಊರುವಷ್ಟು. ನಾಲ್ಕು ಕಾಲನ್ನೂ ಸ್ವಲ್ಪ ಹೊರಕ್ಕೆ ಚಾಚಿ ಕೂರಿಸಿದ್ದಾರೆ. ಅಂಚಿನಲ್ಲಿ ನಿಂತರೂ ಮಗುಚುವುದಿಲ್ಲ. ಕಾಲಿನ ಅಡಿಗೆ ಹಳೇ ಟೈರಿನ ರಬ್ಬರ್ ಹೊಡೆದರು. ಮೇಲೆ ನಾನು ತೆಂಗಿನ ನಾರಿನ ಡೋರ್ ಮ್ಯಾಟ್ ಕತ್ತರಿಸಿ ಅಂಟಿಸಿದೆ, ಒದ್ದೆ ಕಾಲು ಜಾರಬಾರದಲ್ಲ. ವ್ಯಾನಿನ ಒಳಗೆ ಮೊದಲೇ ಇದ್ದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆವು, ಸಂಧಿವಾತದ ಬೆರಳಿಗೆ ಸಣ್ಣ ಹಿಡಿ ಸಿಗುವುದಿಲ್ಲ. ಸಂಜೆ ಅತ್ತೆ ಬಂದು ಮಣೆ ಮೇಲೆ ಎಡಗಾಲು ಇಟ್ಟರು, ಬಲಗಾಲು ಸೇರಿಸಿದರು, ಹಿಡಿ ಹಿಡಿದರು, ಒಳಗೆ ಕೂತರು. ಇಳಿದರು. ಮತ್ತೆ ಹತ್ತಿದರು. ನಾಲ್ಕು ಸಲ ಹಾಗೆ ಮಾಡಿದರು. ಯಾರೂ ಕೈ ಕೊಡಲಿಲ್ಲ. ನಾವು ಖರ್ಚು ಮಾಡಿದ ದುಡ್ಡಿನಲ್ಲಿ ನನಗೆ ಅತಿ ಪ್ರೀತಿಯದ್ದು ಈ ಮಣೆ.

ಎರಡನೇ ರಾತ್ರಿ ಅತ್ತೆ, ಮಗಳು ಒಳಗೆ ಮಲಗಿದರು. ಬೆಳಿಗ್ಗೆ ನೋಡಿದರೆ ಗಾಜಿನ ಮೇಲೆಲ್ಲ ನೀರು ಇಳಿಯುತ್ತಿತ್ತು. ಹೊರಗೆ ಮಳೆ ಇರಲಿಲ್ಲ. ಇಬ್ಬರ ಉಸಿರಿನ ತೇವವೇ ತಣ್ಣಗಿನ ಗಾಜಿಗೆ ತಾಗಿ ನೀರಾಗಿತ್ತು. ಹೊದಿಕೆ ಅಂಚು ಒದ್ದೆ. ಚಳಿ ಅಂತ ಕಿಟಕಿ ಪೂರ್ತಿ ಮುಚ್ಚಿದ್ದೇ ತಪ್ಪು. ಈಗ ಎದುರುಬದುರು ಎರಡು ಕಿಟಕಿಯನ್ನು ಎರಡೆರಡು ಬೆರಳಷ್ಟು ತೆಗೆದಿರುತ್ತೇವೆ. ಆ ಸಂದಿಗೆ ಸೊಳ್ಳೆ ಪರದೆಯನ್ನು ವೆಲ್ಕ್ರೋ ಹಚ್ಚಿ ಅಂಟಿಸಿದ್ದೇನೆ. ಪರದೆ ಹೊಲಿದದ್ದು ನಾನೇ. ಮನೆಯ ಹಳೇ ಪರದೆ ಸಾಕಾಯಿತು. ಸ್ಪಂಜಿನ ಹಾಸಿಗೆ ತೇವ ಹಿಡಿದುಕೊಳ್ಳುತ್ತೆ, ಮಲೆನಾಡಿನಲ್ಲಿ ಅದು ಒಣಗುವುದೇ ಇಲ್ಲ. ಹಾಗಾಗಿ ಅಡಿಗೆ ತೆಳು ನಾರಿನ ಹಾಸಿಗೆ, ಮೇಲೆ ಹತ್ತಿಯದ್ದು, ಹೊದೆಯಲು ಕಂಬಳಿ.

ಮಂಚದ ಹಲಗೆಗೆ ಮೊದಲು 18 ಮಿಲಿಮೀಟರ್ ಪ್ಲೈವುಡ್ ತಂದಿದ್ದೆವು. ಗಟ್ಟಿಯಾಗಿರಲಿ ಅಂತ. ಒಂದು ಪೂರ್ತಿ ಶೀಟು 34 ಕೆಜಿ ತೂಗಿತು. ಇಬ್ಬರು ಸೇರಿ ಎತ್ತಿದರೂ ಸೊಂಟ ಹಿಡಿಯುತ್ತಿತ್ತು. ವಾಪಸ್ ಕೊಟ್ಟು 12 ಮಿಲಿಮೀಟರಿನದ್ದು ತಂದು ಅಡಿಗೆ ಮರದ ಪಟ್ಟಿ ಹೊಡೆಸಿದೆವು. ಮೂರು ತುಂಡು ಮಾಡಿಸಿದ್ದೇವೆ. ಒಬ್ಬೊಬ್ಬರೇ ಎತ್ತಿಡಬಹುದು. ಮಂಚದ ಉದ್ದ 5 ಅಡಿ 10 ಇಂಚು, ಅಗಲ 4 ಅಡಿ. ಅಜ್ಜಿ ಮೊಮ್ಮಗಳಿಗೆ ಧಾರಾಳ.

ತೂಕದ ವಿಷಯಕ್ಕೆ ಬಂದೆನಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಹೊರಡುವ ಹಿಂದಿನ ವಾರ ಎಲ್ಲ ಸಾಮಾನು ತುಂಬಿ, ಐದೂ ಜನ ಕೂತು, ಸಾಗರ ರಸ್ತೆಯ ಒಂದು ವೇಬ್ರಿಡ್ಜಿಗೆ ಹೋದೆವು. ಮುಂದೆ ಅಡಿಕೆ ಲಾರಿ, ಹಿಂದೆ ಭತ್ತದ ಲಾರಿ, ನಡುವೆ ನಮ್ಮ ವ್ಯಾನು. ತೂಕದ ಚೀಟಿ ಕೈಗೆ ಬಂತು. ಗಾಡಿಯ ಕೈಪಿಡಿಯಲ್ಲಿ ಬರೆದ ಗರಿಷ್ಠ ತೂಕಕ್ಕಿಂತ ನಾವು 60 ಕೆಜಿ ಜಾಸ್ತಿ ಇದ್ದೆವು! ನನಗೆ ಕೈ ತಣ್ಣಗಾಯಿತು. ಕಣ್ಣಿಗೆ ಏನೂ ಕಾಣುವುದಿಲ್ಲ, ಗಾಡಿ ಓಡುತ್ತಲೇ ಇರುತ್ತದೆ. ಘಾಟಿ ಇಳಿಯುವಾಗ ಮಾತ್ರ ಬ್ರೇಕು ಮತ್ತು ಟೈರು ಆ 60 ಕೆಜಿ ಹೊರಬೇಕು. ಮಕ್ಕಳು ಹಿಂದೆ ಕೂತಿರುತ್ತಾರೆ. ಮನೆಗೆ ಬಂದು ಒಂದೊಂದೇ ಇಳಿಸಿದೆವು. ಕಬ್ಬಿಣದ ಬಾಣಲೆ, ದೊಡ್ಡ ಕುಕ್ಕರ್, ಮೂರು ಕುರ್ಚಿಯಲ್ಲಿ ಎರಡು, ಮಾವನವರ ಕಾಲದ ಕಬ್ಬಿಣದ ಟ್ರಂಕು. ಅತಿ ಜಾಸ್ತಿ ತೂಕ ಇದ್ದದ್ದು ಮನೆ ಇನ್ವರ್ಟರಿನ ಬ್ಯಾಟರಿ. ದುಡ್ಡು ಉಳಿಯುತ್ತೆ ಅಂತ ನಮ್ಮನೆಯವರು ಅದನ್ನೇ ಎತ್ತಿಟ್ಟಿದ್ದರು. ಒಂದಕ್ಕೇ 55 ಕೆಜಿ. ಅಲ್ಲದೆ ಅದು ಆಸಿಡ್ ಬ್ಯಾಟರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಜನ ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ.

ಬದಲಿಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆವು. 12.8 ವೋಲ್ಟ್, 50 ಆಂಪಿಯರ್ ಅವರ್. ಗುಣಿಸಿದರೆ 640 ವ್ಯಾಟ್ ಅವರ್. ತೂಕ ಆರು ಕೆಜಿ ಚಿಲ್ಲರೆ. ನಮ್ಮ ಪೂರ್ತಿ ಖರ್ಚಿನಲ್ಲಿ ದುಬಾರಿ ಅಂದರೆ ಇದೊಂದೇ. ಲೆಕ್ಕ ಹಾಕಿದ್ದು ಮಗ. 15 ವ್ಯಾಟಿನ ಸಣ್ಣ ಡಿಸಿ ಫ್ಯಾನ್ 8 ಗಂಟೆ ಓಡಿದರೆ 120 ವ್ಯಾಟ್ ಅವರ್. ಐದೈದು ವ್ಯಾಟಿನ ಎರಡು ಎಲ್ಇಡಿ ದೀಪ ನಾಲ್ಕು ಗಂಟೆಗೆ 40. ಮೂರು ಫೋನಿಗೆ 45. ಒಂದು ರಾತ್ರಿಗೆ 205. ಅಂದರೆ ಮೂರು ರಾತ್ರಿ ಚಿಂತೆಯಿಲ್ಲ. ಸೋಲಾರ್ ಹಲಗೆಯನ್ನು ಬೇಕಾದ ಸಾಮಾನಿನ ಪಟ್ಟಿಯಿಂದ ತೆಗೆದು ಹಾಕಿದೆವು. ಮಳೆಗಾಲದ ಮಲೆನಾಡಿನಲ್ಲಿ, ಅದೂ ಅಡಿಕೆ ಮರದ ನೆರಳಲ್ಲಿ, ಅದರಿಂದ ಏನು ಸಿಕ್ಕೀತು? ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಹೊರಡುತ್ತೇವೆ. ಬ್ಯಾಟರಿಯ ಪ್ಲಸ್ ತುದಿಗೆ ಹತ್ತಿರದಲ್ಲೇ ಫ್ಯೂಸ್ ಇರಲೇಬೇಕು. ಎಲ್ಲೋ ವೈರು ಉಜ್ಜಿ ಶಾರ್ಟ್ ಆದರೆ ಮೊದಲು ಅದು ಹೋಗಲಿ. ಇದನ್ನು ಗೊತ್ತಿರುವ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ.

ಅಡುಗೆ ಹೊರಗೆ ಮಾತ್ರ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. 5 ಕೆಜಿಯ ಸಣ್ಣ ಸಿಲಿಂಡರು, ಒಂದೇ ಉರಿಯ ಒಲೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ನೀರಿನ ಹಾಗೆ ಹರಡಿಕೊಂಡು ಕೂರುತ್ತದೆ. ಮಂಚದ ಅಡಿಯಲ್ಲಿ ಅಂಥದ್ದು ಸೇರಿಕೊಂಡರೆ ಗತಿಯೇನು? ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ನೇರ ನಿಲ್ಲಿಸಿ ಬೆಲ್ಟಿನಿಂದ ಬಿಗಿಯುತ್ತೇವೆ. ಕಿಟಕಿಯನ್ನೂ ಸ್ವಲ್ಪ ಇಳಿಸಿರುತ್ತೇವೆ. ರಾತ್ರಿ ಅದು ವ್ಯಾನಿನಿಂದ ಹೊರಗೆ, ದೂರ. ಜೋಡಿಸಿದಾಗಲೆಲ್ಲ ಪೈಪಿನ ತುದಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ನೋಡುತ್ತೇನೆ. ಚಳಿಗೆ ಅಂತ ಕೆಂಡದ ಅಗ್ಗಿಷ್ಟಿಕೆಯನ್ನು ಒಳಗೆ ಇಡುವ ಯೋಚನೆ ಯಾರಿಗೂ ಬರಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ಒಂದು ಕೆಜಿಯ ಬೆಂಕಿ ಆರಿಸುವ ಪೌಡರ್ ಡಬ್ಬಿ ಡ್ರೈವರ್ ಸೀಟಿನ ಪಕ್ಕ ಇದೆ. ಮಗನಿಗೂ ಪಿನ್ ಎಳೆಯುವುದು ಹೇಗೆ ಅಂತ ಗೊತ್ತು.

ತಿನ್ನಲು ಏನು ಒಯ್ಯುತ್ತೇವೆ ಅಂದರೆ, ಅವಲಕ್ಕಿ, ಹುರಿದ ರವೆ, ಗೊಜ್ಜಿನ ಪುಡಿ, ಕಷಾಯದ ಪುಡಿ, ಮಿಡಿ ಉಪ್ಪಿನಕಾಯಿ. ಫ್ರಿಜ್ಜಿನ ಅಗತ್ಯವೇ ಬೀಳಲಿಲ್ಲ. ನೀರಿಗೆ 20 ಲೀಟರಿನ ಎರಡು ಕ್ಯಾನು. ಒಂದು ಲೀಟರ್ ಒಂದು ಕೆಜಿ ಅನ್ನುವುದು ನೆನಪಿರಲಿ. ಎರಡೂ ತುಂಬಿಕೊಂಡು ಹೊರಡುವ ಬದಲು, ಒಂದನ್ನು ತುಂಬಿ ಇನ್ನೊಂದನ್ನು ಇಳಿಯುವ ಊರಿನ ಬಾವಿಯಲ್ಲಿ ತುಂಬಿಸಿಕೊಳ್ಳುತ್ತೇವೆ.

ಈಗ ಪಾಯಿಖಾನೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಪ್ರಯಾಣ ಆಗುತ್ತೋ ಇಲ್ಲವೋ ಅಂತ ತೀರ್ಮಾನ ಮಾಡುವುದೇ ಇದು. ಅತ್ತೆ ಆರು ವರ್ಷ ಎಲ್ಲೂ ಹೊರಡದಿದ್ದದ್ದಕ್ಕೆ ನಿಜವಾದ ಕಾರಣ ಇದೇ ಅಂತ ನನಗೆ ಆಮೇಲೆ ಗೊತ್ತಾಯಿತು. ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದರು. ಹೊರಟ ಮೇಲೆ ದಾರಿಯಲ್ಲಿ ಹೇಳಲು ಸಂಕೋಚ. ವಿದೇಶದಲ್ಲಿ ಸಿಗುವಂಥ ರಾಸಾಯನಿಕ ಟಾಯ್ಲೆಟ್ ಇಲ್ಲೂ ತರಿಸಬಹುದು, ಆದರೆ ಎತ್ತರ ಕಡಿಮೆ, ಮಂಡಿ ನೋವಿನವರಿಗೆ ಏಳಲು ಕಷ್ಟ. ನಾವು ಸರ್ಜಿಕಲ್ ಅಂಗಡಿಯಿಂದ ಮಡಚುವ ಕಮೋಡ್ ಕುರ್ಚಿ ತಂದೆವು. ಎರಡೂ ಕಡೆ ಕೈ ಊರಿ ಏಳಲು ಹಿಡಿ ಇದೆ, ಕಾಲಿನ ಎತ್ತರ ಹೆಚ್ಚು ಕಡಿಮೆ ಮಾಡಬಹುದು. ಅಡಿಗೆ ಮುಚ್ಚಳದ ಬಕೆಟ್. ಅದರಲ್ಲಿ ಸಾಮಿಲ್ಲಿನ ಮರದ ಪುಡಿ ಒಂದು ಪದರ. ಉಪಯೋಗಿಸಿದ ಮೇಲೆ ಮೇಲಿಂದ ಎರಡು ಚಿಪ್ಪು ಪುಡಿ. ವಾಸನೆ ಬರುವುದಿಲ್ಲ, ನಿಜವಾಗಿಯೂ ಬರುವುದಿಲ್ಲ. ಬೆಳಿಗ್ಗೆ, ಯಾರ ಅಂಗಳದಲ್ಲಿ ನಿಲ್ಲಿಸಿದ್ದೇವೋ ಆ ಮನೆಯವರನ್ನು ಕೇಳಿ, ಬಾವಿಯಿಂದ ದೂರ ಗುಂಡಿ ತೆಗೆದು ಮುಚ್ಚುತ್ತೇವೆ. ಮರೆಗೆ ಬಟ್ಟೆ ಬದಲಿಸುವ ಎದ್ದು ನಿಲ್ಲುವ ಸಣ್ಣ ಟೆಂಟು. ಅದನ್ನು ವ್ಯಾನಿನ ಬಾಗಿಲಿಗೆ ತಾಗಿಸಿಯೇ ನಿಲ್ಲಿಸುತ್ತೇವೆ. ಮಣೆ ಇಳಿದು ಮೂರು ಹೆಜ್ಜೆ. ಒಳಗೆ ಒಂದು ಸಣ್ಣ ದೀಪ ರಾತ್ರಿಯೆಲ್ಲ ಉರಿಯುತ್ತದೆ. ಮಲೆನಾಡಿನ ಹಳೇ ಮನೆಗಳಲ್ಲಿ ಬಚ್ಚಲು ಹಿತ್ತಲ ಕಡೆ ದೂರ ಇರುತ್ತಲ್ಲ, ಕತ್ತಲಲ್ಲಿ ಪಾಚಿ ಕಲ್ಲಿನ ಮೇಲೆ ಅವರನ್ನು ನಡೆಸುವ ಭಯ ತಪ್ಪಿತು. ಇದು ಸಿದ್ಧವಾದ ದಿನ ಅತ್ತೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಎರಡು ಲೋಟ ಮಜ್ಜಿಗೆ ಕುಡಿದರು.

ಮೊದಲ ಪ್ರಯಾಣ ಸೆಪ್ಟೆಂಬರಿನಲ್ಲಿ, ತೀರ್ಥಹಳ್ಳಿ ಕಡೆ ನನ್ನ ಚಿಕ್ಕಪ್ಪನ ಮನೆಗೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ 60 ಕಿಲೋಮೀಟರಿನ ಒಳಗೆ. ಬೇಕೆಂದೇ ಹತ್ತಿರ ಆರಿಸಿಕೊಂಡೆವು, ಏನಾದರೂ ಕೆಟ್ಟರೆ ಎರಡು ಗಂಟೆಯಲ್ಲಿ ಮನೆ ಸೇರಬಹುದಲ್ಲ. ಟೆಂಟಿನ ಮೇಲೆ ಟಾರ್ಪಾಲನ್ನು ವ್ಯಾನಿನಿಂದ ಎರಡು ಅಡಿಕೆ ಮರಕ್ಕೆ ಕಟ್ಟಿದೆವು. ಚೆನ್ನಾಗಿ ಕಾಣಲಿ ಅಂತ ಮಟ್ಟಸವಾಗಿ, ಚಾಪೆ ಹಾಸಿದ ಹಾಗೆ. ರಾತ್ರಿ ಎರಡು ಗಂಟೆಗೆ ಮಳೆ ಹಿಡಿಯಿತು. ಟಾರ್ಪಾಲಿನ ನಡುವೆ ನೀರು ನಿಂತು ಹೊಟ್ಟೆ ಇಳಿಯಿತು. ಇಳಿದು ಇಳಿದು ಹಗ್ಗ ಕಿತ್ತು, ಅಷ್ಟೂ ನೀರು ಒಂದೇ ಸಲ ನಮ್ಮ ಟೆಂಟಿನ ಮೇಲೆ. ವಾಟರ್‌ಪ್ರೂಫ್ ಅಂತ ಕೊಂಡ ಟೆಂಟಿನ ಹೊಲಿಗೆಯಿಂದಲೂ ನೀರು ಬಂತು. ಮಗ ನಡುಗುತ್ತಿದ್ದ. ಮೂವರೂ ಚಿಕ್ಕಪ್ಪನ ಜಗಲಿಗೆ ಓಡಿದೆವು. ವ್ಯಾನಿನಲ್ಲಿದ್ದ ಅಜ್ಜಿ ಮೊಮ್ಮಗಳಿಗೆ ಎಚ್ಚರವೇ ಆಗಿರಲಿಲ್ಲ.

ಬೆಳಿಗ್ಗೆ ಚಿಕ್ಕಪ್ಪ ಬಂದು ನೋಡಿದರು. "ಅಲ್ಲ ಮಗಾ, ಹಂಚಿನ ಮಾಡು ನೋಡಿಲ್ವಾ ನೀನು? ಇಲ್ಲಿ ಯಾರಾದ್ರೂ ಮಟ್ಟಸ ಮಾಡು ಕಟ್ತಾರಾ?" ಅಂದರು. ಅವರೇ ಕಟ್ಟಿ ತೋರಿಸಿದರು. ನಡುವೆ ಒಂದು ಹಗ್ಗ ಬಿಗಿಯಾಗಿ ಎಳೆದು, ಅದರ ಮೇಲೆ ಟಾರ್ಪಾಲು ಹೊದಿಸಿ, ಎರಡೂ ಕಡೆ ಇಳಿಜಾರು. ನೀರು ಬೀಳುವ ಕಡೆ ಗುದ್ದಲಿಯಿಂದ ಸಣ್ಣ ಕಾಲುವೆ. ಹಗ್ಗದ ಮೇಲೆ ಹರಿದು ಬರುವ ನೀರು ಟೆಂಟಿನೊಳಗೆ ಇಳಿಯದ ಹಾಗೆ, ಹಗ್ಗಕ್ಕೆ ಅರ್ಧದಲ್ಲಿ ಒಂದು ಬಟ್ಟೆ ಚೂರು ಕಟ್ಟಿದರು. ನೀರು ಆ ಬಟ್ಟೆಯಿಂದ ತೊಟ್ಟಿಕ್ಕಿ ಅಲ್ಲೇ ಬೀಳುತ್ತದೆ. ಎಷ್ಟು ಸರಳ, ಅಲ್ವಾ? ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುವ ಆಗುಂಬೆ ಇರುವುದು ಅದೇ ತಾಲೂಕಿನಲ್ಲಿ. ಮಳೆಗೆ ಹೇಗೆ ಕಟ್ಟಬೇಕು ಅಂತ ಆ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಈಗ ಅಡಿಕೆ ಒಣಗಿಸುವವರು ಉಪಯೋಗಿಸುವ ದಪ್ಪ ಟಾರ್ಪಾಲನ್ನೇ ತಂದಿದ್ದೇವೆ. ಟೆಂಟಿನ ಹೊಲಿಗೆಗೆ ಸೀಲ್ ಮಾಡುವ ಅಂಟು ಹಚ್ಚಿದ್ದೇವೆ.

ಎಲ್ಲಿ ನಿಲ್ಲಿಸುತ್ತೀರಿ ಅಂತ ತುಂಬ ಜನ ಕೇಳುತ್ತಾರೆ. ಕಾಡಿನಲ್ಲಿ, ಹೊಳೆ ದಡದಲ್ಲಿ ಅಂತೂ ಅಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ಉಳಿಯುವಂತಿಲ್ಲ, ಶರಾವತಿ ಕಣಿವೆಯಲ್ಲಿ ಬಹಳ ಭಾಗ ಅಭಯಾರಣ್ಯ. ನಾವು ನಿಲ್ಲಿಸುವುದು ಅಡಿಕೆ ಒಣಗಿಸುವ ಅಂಗಳದಲ್ಲಿ. ಮಲೆನಾಡಿನಲ್ಲಿ ನೆಂಟರ, ನೆಂಟರ ನೆಂಟರ ಅಂಗಳ ಇಲ್ಲದ ಊರಿಲ್ಲ. ಮಟ್ಟಸವಾದ ನೆಲ, ಬಾವಿ ನೀರು, ಒಂದು ನಾಯಿ, ರಾತ್ರಿ ಕರೆದರೆ ಓಗೊಡುವ ಜನ. ಒಂದೇ ಮಾತು, ಅಡಿಕೆ ಕೊಯ್ಲಿನ ಕಾಲದಲ್ಲಿ ಯಾರ ಅಂಗಳವನ್ನೂ ಕೇಳಬೇಡಿ. ಆಗ ಅಂಗುಲ ಜಾಗವೂ ಖಾಲಿ ಇರುವುದಿಲ್ಲ. ಅವರಿಗೆ ಇಲ್ಲ ಅನ್ನಲೂ ಆಗದೆ ಕಷ್ಟ.

ಮಳೆಗಾಲದಲ್ಲಿ ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪಿನ ಪೊಟ್ಟಣ ಸಾಕು. ಬೇಸಿಗೆಯ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಹಾಗಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ಚಳಿಗಾಲ ಹಿಡಿದು ಮೇ ತಿಂಗಳವರೆಗೆ ಅದರ ಕಾಲ. ಆ ತಿಂಗಳುಗಳಲ್ಲಿ ಮಕ್ಕಳನ್ನು ದರಕಿನ (ಉದುರಿದ ಒಣ ಎಲೆಯ) ಮೇಲೆ ಕೂರಲು ಬಿಡುವುದಿಲ್ಲ. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಹಂಚುವ, ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಬೇಕು. ಸಂಜೆ ಬಿಸಿನೀರಿನ ಸ್ನಾನ, ಕಿವಿ ಹಿಂದೆ, ಕಂಕುಳು, ಸೊಂಟ ಎಲ್ಲ ನೋಡಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ, ಆಸ್ಪತ್ರೆಗೆ ತಿಳಿಸಬೇಕು.

ಗಾಡಿ ಬಗ್ಗೆ ಎರಡೇ ಮಾತು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3521 ಅಂದರೆ 2021ರ 35ನೇ ವಾರ ಮಾಡಿದ್ದು. ನಮ್ಮ ಸ್ಟೆಪ್ನಿ ಹೊಸದರ ಹಾಗೆ ಹೊಳೆಯುತ್ತಿತ್ತು, ಅಂಕಿ ನೋಡಿದರೆ ಹನ್ನೊಂದು ವರ್ಷ ಹಳೆಯದು. ಬದಲಾಯಿಸಿದೆವು. ಘಾಟಿ ಇಳಿಯುವಾಗ ಹತ್ತುವಾಗಿನ ಗೇರಿನಲ್ಲೇ ಇಳಿಯಿರಿ, ಬ್ರೇಕನ್ನು ಒತ್ತಿ ಹಿಡಿದುಕೊಂಡೇ ಬಂದರೆ ಅದು ಕಾದು ಹಿಡಿಯದೇ ಹೋಗುತ್ತದೆ.

ಎರಡನೇ ಪ್ರಯಾಣ ಅತ್ತೆಯದ್ದು. 2025ರ ದಸರಾ ಕಳೆದ ಮೇಲೆ, ಕೊಯ್ಲು ಶುರುವಾಗುವ ಮುಂಚೆ. ಆನಂದಪುರ, ಸಾಗರ ದಾಟಿ ಅಂಬಾರಗೋಡ್ಲು. ಅತ್ತೆ ಲಾಂಚಿನಲ್ಲಿ ಹಿನ್ನೀರು ದಾಟುತ್ತಿದ್ದ ಕಾಲದವರು. ಆ ವರ್ಷ ಜುಲೈನಲ್ಲಿ ಹಿನ್ನೀರಿನ ಮೇಲೆ ತೆರೆದ ಸೇತುವೆಯನ್ನು ಅವರು ನೋಡಿರಲಿಲ್ಲ. 2.44 ಕಿಲೋಮೀಟರ್ ಉದ್ದ. ನಡುವೆ ಬಂದಾಗ "ಸ್ವಲ್ಪ ನಿಧಾನ ಹೋಗೋ" ಅಂದರು ನಮ್ಮನೆಯವರಿಗೆ. ನಿಲ್ಲಿಸಲಿಲ್ಲ, ನಿಧಾನ ಮಾಡಿದರು. ಅತ್ತೆ ಒಂದು ಕಡೆಯ ಕಿಟಕಿಯಿಂದ ಇನ್ನೊಂದು ಕಡೆಗೆ ನೋಡುತ್ತಲೇ ಇದ್ದರು. ತುಂಬಿದ ನೀರು, ಅಲ್ಲಲ್ಲಿ ಗುಡ್ಡದ ತಲೆ.

ತುಮರಿ ಹತ್ತಿರ ದೂರದ ನೆಂಟರ ಅಂಗಳದಲ್ಲಿ ನಿಲ್ಲಿಸಿದೆವು. ಅಲ್ಲಿಂದ ತೋಟದ ಸಂದಿಯಲ್ಲಿ ಹಿನ್ನೀರು ಕಾಣುತ್ತದೆ. ಗಾಡಿ ಮಟ್ಟಸ ಮಾಡಿ ಗಾಲಿಗೆ ಕಲ್ಲು ಕೊಟ್ಟೆವು. ಮಗ ನೀರಿನ ಕ್ಯಾನು ತುಂಬಿ ತಂದ. ನಾನು ಕಷಾಯಕ್ಕೆ ಇಟ್ಟೆ. ಅತ್ತೆ ವ್ಯಾನಿನ ಬಾಗಿಲಲ್ಲಿ ಕೂತು ಎರಡೂ ಪಾದ ಮಣೆ ಮೇಲೆ ಇಟ್ಟುಕೊಂಡಿದ್ದರು. ಆ ಮನೆಯ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಊರಿನ ಹೆಸರು ಹೇಳಿಕೊಂಡರು. ಯಾರ ಮನೆ ಎಲ್ಲಿತ್ತು, ಯಾವ ಹಳ್ಳದ ಆಚೆ ಯಾರ ಗದ್ದೆ. ಮಗಳು ಅಜ್ಜಿಯ ತೊಡೆಗೆ ಒರಗಿ ಕೇಳುತ್ತಿದ್ದಳು. "ಎಲ್ಲಿ ಅಜ್ಜಿ ನಿಮ್ಮನೆ?" ಅಂದಳು. ಅತ್ತೆ ನೀರಿನ ಕಡೆ ಕೈ ತೋರಿಸಿದರು. ಅವಳು ತುಂಬ ಹೊತ್ತು ಅದೇ ಜಾಗ ನೋಡಿದಳು.

ರಾತ್ರಿ ಅತ್ತೆ ಎರಡು ಸಲ ಎದ್ದರಂತೆ. ಯಾರನ್ನೂ ಎಬ್ಬಿಸಲಿಲ್ಲ.

ಬೆಳಿಗ್ಗೆ ಹಾಸಿಗೆ ಮಡಚುವಾಗ ಹೇಳಿದರು, "ಬೇಸಿಗೆಲಿ ನೀರು ಇಳಿಯುತ್ತೆ. ಮುಳುಗಿರೋ ಹಿರೇಭಾಸ್ಕರದ ಹಳೇ ಅಣೆಕಟ್ಟೆ ಹೊರಗೆ ಕಾಣುತ್ತಂತೆ. ಆಗೊಂದ್ಸಲ ಬರೋಣ ಕಣೇ." ಬೇಸಿಗೆ ಅಂದರೆ ಉಣುಗಿನ ಕಾಲ, ಬಿಸಿಲು ಬೇರೆ. ಫ್ಯಾನ್ ಹಗಲೂ ಬೇಕಾಗುತ್ತದೆ, ಬ್ಯಾಟರಿ ಲೆಕ್ಕವನ್ನು ಮಗನ ಹತ್ತಿರ ಮತ್ತೆ ಹಾಕಿಸಬೇಕು. ಡೆಪಾ ಎಣ್ಣೆಗೆ ಆರೋಗ್ಯ ಕೇಂದ್ರದಲ್ಲಿ ಕೇಳಿಟ್ಟಿದ್ದೇನೆ. ಮಣೆಯ ಒಂದು ಕಾಲಿನ ರಬ್ಬರ್ ಕಿತ್ತು ಬಂದಿದೆ, ಈ ವಾರ ಆಚಾರ್ರ ಹತ್ತಿರ ಒಯ್ಯಬೇಕು.